ಬೇಸಗೆಯ ಸ್ವಾಧ್ಯಾಯವೂ ಕಲನಶಾಸ್ತ್ರದ ಪೂರ್ವಸಿದ್ಧತೆಯೂ

ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಇತಿಹಾಸದ ವಿದ್ಯಾರ್ಥಿಗಳಿಗೆ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಶಾಸನದಿಂದ ಪರಿಚಿತವಾದ ಊರು. ಅದೇ ವಂಶದ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಇಂದು ಇಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪದವಿಪೂರ್ವ ವಿಜ್ಞಾನ ವಿಭಾಗವನ್ನು ಸೇರುವವರಿಗೆ ಮೊದಲ ವರ್ಷದಲ್ಲಿಯೇ ಮಿತಿ, ಅವಕಲನಗಳು ಇಂಗ್ಲಿಷ್ ಪಠ್ಯದಲ್ಲಿ ಎದುರಾಗುತ್ತವೆ. ವಿಷಯದ ಕಾಠಿಣ್ಯಕ್ಕಿಂತ ಪರಿಭಾಷೆಗೇ ಅಂಜಿ ಕಲಾವಿಭಾಗಕ್ಕೆ ಬಂದವರನ್ನು ನನ್ನ ತರಗತಿಯಲ್ಲಿಯೇ ಕಂಡಿದ್ದೇನೆ. ಅವರು ಬಂದುದು ಇತಿಹಾಸಕ್ಕೆ ಲಾಭವೇ ಸರಿ. ಆದರೆ ಅಂಜಿ ಬರಬೇಕಾಗಿರಲಿಲ್ಲ.

ಪೂರ್ವಸಿದ್ಧತೆಯೆಂದರೆ ಕಲನಶಾಸ್ತ್ರದ ಸೂತ್ರಗಳನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಬಾಯಿಪಾಠ ಮಾಡುವುದಲ್ಲ. ಬೀಜೋಕ್ತಿಗಳ ಅಪವರ್ತನ, ಭಿನ್ನರಾಶಿಗಳ ಸುಲಭೀಕರಣ, ಸರಳರೇಖೆಯ ಇಳಿಜಾರು, ತ್ರಿಕೋನಮಿತಿ ಇವು ಕೈಗೆ ಹತ್ತಿದ್ದರೆ ಸಾಕು. ಇವುಗಳ ಜೊತೆಗೆ ಒಂದು ತೊಡಕನ್ನು ಮಾತ್ರ ನಿಧಾನವಾಗಿ ಬಿಡಿಸಿಕೊಳ್ಳಬೇಕು. ಅದು ಶೂನ್ಯದಿಂದ ಭಾಗಿಸುವ ಪ್ರಶ್ನೆ. ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದು ಮಹಾವೀರನು ಹೇಳಿದನು, ಇದು ತಪ್ಪು. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ಬರೆದ ಭಾಸ್ಕರಾಚಾರ್ಯನು ಅಂಥ ರಾಶಿಯನ್ನು ‘ಖಹರ’ವೆಂದು ಕರೆದು ಅನಂತವೆಂದು ಬಗೆದನು, ಇಂದಿನ ಅಂಕಗಣಿತವು ಅದನ್ನೂ ಒಪ್ಪದು. ಇಂಥ ಪಂಡಿತರು ಎಡವಿದ ಸ್ಥಳದಲ್ಲಿ ನಮ್ಮ ವಿದ್ಯಾರ್ಥಿ ಒಂದು ವಾರ ನಿಂತರೆ ನಷ್ಟವಿಲ್ಲ.

ಚೌಕಾಕಾರದ ಒಂದು ಮಡಿಯ ಭುಜ 3 ಮೀಟರ್ ಇರಲಿ. ವಿಸ್ತೀರ್ಣ 9 ಚದರ ಮೀಟರ್. ಭುಜವನ್ನು 3.1ಕ್ಕೆ ಏರಿಸಿದರೆ ವಿಸ್ತೀರ್ಣ 9.61 ಆಗುತ್ತದೆ. ಹೆಚ್ಚಳವಾದ 0.61ನ್ನು 0.1ರಿಂದ ಭಾಗಿಸಿದರೆ 6.1 ಬರುತ್ತದೆ. ಭುಜವನ್ನು 3.01 ಮಾಡಿದರೆ ಈ ನಿಷ್ಪತ್ತಿ 6.01, 3.001 ಮಾಡಿದರೆ 6.001. ಹೆಚ್ಚಳವನ್ನು ಶೂನ್ಯವೆಂದೇ ಇಟ್ಟರೆ ಶೂನ್ಯವನ್ನು ಶೂನ್ಯದಿಂದ ಭಾಗಿಸಿದಂತಾಗಿ ಅರ್ಥವೇ ಉಳಿಯದು. ಆದರೆ ಹೆಚ್ಚಳವನ್ನು ಕಿರಿದುಗೊಳಿಸಿದಷ್ಟೂ ನಿಷ್ಪತ್ತಿಯು 6ನ್ನು ಸಮೀಪಿಸುತ್ತದೆ. ಈ 6 ಎಂಬುದೇ ಮಿತಿ. ಅವಕಲನದ ತಿರುಳೂ ಇದೇ. ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು ಎಣಿಸುವಾಗ ಭಾಸ್ಕರನು ಈ ವಿಚಾರದ ಹೊಸ್ತಿಲಿಗೆ ಬಂದಿದ್ದನು.

ಪ್ಲೇಗಿನಿಂದಾಗಿ 1665ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಮುಚ್ಚಿದಾಗ ನ್ಯೂಟನ್ ಹುಟ್ಟೂರಾದ ವುಲ್ಸ್‌ಥಾರ್ಪಿಗೆ ಮರಳಿ ಕಲನಶಾಸ್ತ್ರವನ್ನು ಬೆಳೆಸಿದ ಕಥೆ ಪ್ರಸಿದ್ಧವಾಗಿದೆ. ಅದಕ್ಕೆ ಮೊದಲೇ ಡೆಕಾರ್ಟ್ ಮತ್ತು ವಾಲಿಸರ ಗ್ರಂಥಗಳನ್ನು ಆತನು ತಾನಾಗಿಯೇ ಓದಿಕೊಂಡಿದ್ದನೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ.

ಇನ್ನು ಪರಿಭಾಷೆಯ ಮಾತು. ಒಂದು ನೋಟುಬುಕ್ಕಿನಲ್ಲಿ ಎರಡು ಅಂಕಣಗಳನ್ನು ಹಾಕಿಕೊಂಡು ಮಿತಿಯೆದುರಿಗೆ ಲಿಮಿಟ್, ಫಲನದೆದುರಿಗೆ ಫಂಕ್ಷನ್, ಇಳಿಜಾರಿನೆದುರಿಗೆ ಸ್ಲೋಪ್ ಎಂದು ಬರೆಯುತ್ತ, ಪ್ರತಿಯೊಂದಕ್ಕೂ ಸ್ವಂತ ಉದಾಹರಣೆಯನ್ನು ಸೇರಿಸುತ್ತ ಹೋಗಬೇಕು. ದಿನಕ್ಕೊಂದು ಪದದಂತೆ ಸಾಗಿದರೂ ಕಾಲೇಜು ತೆರೆಯುವ ವೇಳೆಗೆ ನಲವತ್ತಾದರೂ ಆಗುತ್ತವೆ.