ಮಾತಾಡುವ ರೇಡಿಯೋ: ಯಾವುದನ್ನು ಕೊಳ್ಳಬೇಕು?

2004ರ ಡಿಸೆಂಬರಿನ ಸುನಾಮಿಯಲ್ಲಿ ಟೆಲಿಫೋನು ಮೂಕವಾದಾಗ, ಪೋರ್ಟ್‌ಬ್ಲೇರಿನಿಂದ ಸುದ್ದಿ ತಲುಪಿಸಿದವರಲ್ಲಿ ಹವ್ಯಾಸಿ ಬಾನುಲಿಯವರೂ ಇದ್ದರು. ನಮ್ಮ ಹೆಬಳೆಯೂ ಕಡಲಂಚಿನ ಊರೇ. ಅಂತಹ ಯಂತ್ರವನ್ನು ಮನೆಯಲ್ಲಿಡಬಯಸುವವರು ಮೊದಲು ಅಂಗಡಿಗೆ ಹೋಗಬಾರದು; ಸರಕಾರದ ಪರೀಕ್ಷೆ ಮುಗಿಸಿ ಲೈಸೆನ್ಸು ಪಡೆಯಬೇಕು. 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡಿಗೆ 2005ರಲ್ಲಿ ವಿನಾಯಿತಿ ದೊರೆಯಿತು, ನಿಜ. ಆದರೆ ಅದು 5 ವಾಟ್ ಮೀರದ, ಏರಿಯಲ್ಲು ಯಂತ್ರಕ್ಕೇ ಕೂಡಿಕೊಂಡಿರುವ ಸಾಧನಕ್ಕೆ ಮಾತ್ರ. ಮಾಡಿನ ಮೇಲೆ ಕಂಬ ನೆಡುವವರಿಗೆ ಒದಗದು.

ಇನ್ನು, ಮಾತು ಯಾರೊಡನೆ? ಭಟ್ಕಳ ಪೇಟೆಯವರೆಗಾದರೆ 144 ಮೆಗಾಹರ್ಟ್ಸಿನ ಅಗ್ಗದ ಯಂತ್ರವೇ ಸಾಕು. ಶಿರಸಿಯ ಗೆಳೆಯರು ಬೇಕೆಂದರೆ ನಡುವೆ ಸಹ್ಯಾದ್ರಿಯಿದೆ. ಹೆಚ್ಚುಕಡಿಮೆ ನೇರವಾಗಿ ಸಾಗುವ ಈ ಅಲೆಗಳು ಬೆಟ್ಟ ಹತ್ತಿಳಿಯಲಾರವು. ಅಲ್ಲಿಗೆ 7 ಮೆಗಾಹರ್ಟ್ಸ್ ಬೇಕು. ಅದರ ಅಲೆಗಳು ಹಗಲಿನಲ್ಲಿ ಮೇಲೇರಿ, ಅಯಾನುಗೋಳಕ್ಕೆ ತಾಗಿ, ಘಟ್ಟದಾಚೆ ಇಳಿಯುತ್ತವೆ. ಸುಮಾರು 20 ಮೀಟರು ತಾಮ್ರದ ತಂತಿ, ಅದನ್ನು ಕಟ್ಟಲು ಎರಡು ತೆಂಗಿನ ಮರ: ದುಬಾರಿ ಯಂತ್ರಕ್ಕಿಂತ ನಾನು ನಂಬುವುದು ಇವನ್ನೇ.

100 ವಾಟಿನ ಯಂತ್ರವು ಮಾತಾಡುವಾಗ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 20 ಆಂಪಿಯರ್ ಎಳೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಸಣ್ಣ ಬ್ಯಾಟರಿ ಬೇಗ ಸೋಲುವುದು. ಶಕ್ತಿಯನ್ನು ತಗ್ಗಿಸಬಲ್ಲ ಯಂತ್ರವನ್ನೇ ಆರಿಸಿರಿ. ಉಪ್ಪುಗಾಳಿಗೆ ತಂತಿಯ ಕೂಡುಗಳು ಹಸಿರುಗಟ್ಟುತ್ತವೆ, ಮೇಣಬಟ್ಟೆ ಸುತ್ತಿರಿ. ಗುಡುಗು ಕೇಳುವ ಮುನ್ನವೇ ಏರಿಯಲ್ಲನ್ನು ಯಂತ್ರದಿಂದ ಕಳಚಿ, ತಂತಿಯ ತುದಿಯನ್ನು ಮನೆಯ ಹೊರಗಿಡಿರಿ.