ಪ್ರಾಚೀನ ಈಜಿಪ್ಟಿನಲ್ಲಿ ಅರಸೊತ್ತಿಗೆಯ ಇಳಿಗಾಲ

ಪ್ರಾಚೀನ ಈಜಿಪ್ಟಿನ ರಾಜ್ಯಬಲವನ್ನು ಅಳೆಯಬೇಕಾದರೆ, ಅಲ್ಲಿನ ಅಧಿಕಾರಿಗಳು ತಮ್ಮ ಸಮಾಧಿಗಳನ್ನು ಎಲ್ಲಿ ಕಟ್ಟಿಸಿಕೊಂಡರೆಂಬುದನ್ನು ನಾವು ಮೊದಲು ನೋಡಬೇಕು. ಕ್ರಿ. ಪೂ. ಸುಮಾರು 2560ರಲ್ಲಿ ಖುಫು ದೊರೆಯ ಮಹಾ ಪಿರಮಿಡ್ಡು ಗೀಜಾದಲ್ಲಿ ಸುಮಾರು 146 ಮೀಟರು ಎತ್ತರಕ್ಕೆ ಎದ್ದಾಗ, ಅವನ ಅಧಿಕಾರಿಗಳ ಗೋರಿಗಳು ಅದರ ಮಗ್ಗುಲಲ್ಲಿಯೇ ಸಾಲುಗಟ್ಟಿದುವು. ಆರನೆಯ ರಾಜವಂಶದ ಕಾಲಕ್ಕಾದರೋ, ಪ್ರಾಂತಾಧಿಪತಿಗಳು ತಮ್ಮ ತಮ್ಮ ಪ್ರಾಂತದ ಬೆಟ್ಟಗಳಲ್ಲಿಯೇ ಗೋರಿಗಳನ್ನು ಕೊರೆಯಿಸಿಕೊಳ್ಳತೊಡಗಿದರು.

ಈ ಮಾರ್ಪಾಡಿಗೆ ಕಾರಣ ಶತ್ರುವಿನ ದಂಡಯಾತ್ರೆಯಲ್ಲ. ಅರಸರ ಔದಾರ್ಯವೇ ಒಂದು ಮುಖ್ಯ ಕಾರಣ. ಪ್ರಾಂತದ ಅಧಿಕಾರವು ತಂದೆಯಿಂದ ಮಗನಿಗೆ ಇಳಿದು ಬರತೊಡಗಿತು. ಇತ್ತ ದೇವಾಲಯಗಳಿಗೆ ಕಂದಾಯದಿಂದಲೂ ಬಿಟ್ಟಿಯಿಂದಲೂ ವಿನಾಯಿತಿ ದೊರೆಯಿತು. ಕೋಪ್ಟೋಸಿನ ಮಿನ್ ದೇವನ ಗುಡಿಗೆ ಎರಡನೆಯ ಪೇಪಿ ಕೊಟ್ಟ ಇಂತಹ ಶಾಸನಗಳು ಕಲ್ಲಿನಲ್ಲಿ ಉಳಿದಿವೆ. ಒಂದೊಂದು ದಾನವೂ ಪುಣ್ಯಕಾರ್ಯವೇ. ಆದರೆ ಎಲ್ಲವೂ ಕೂಡಿದಾಗ ಬೊಕ್ಕಸ ಬಡವಾಗದೆ ಹೇಗಿದ್ದೀತು? ಬಾಲ್ಯದಲ್ಲಿಯೇ ಪಟ್ಟವೇರಿದ ಈ ದೊರೆ 94 ವರ್ಷ ಆಳಿದನೆಂದು ಪರಂಪರೆ ಹೇಳುತ್ತದೆ. ಅಷ್ಟನ್ನು ಒಪ್ಪದವರೂ ಅವನ ಆಳಿಕೆ ಬಹು ದೀರ್ಘವಾಗಿತ್ತೆಂಬುದನ್ನು ಅಲ್ಲಗಳೆಯರು. ಅವನ ತರುವಾಯ ಬಂದವರು ಅಲ್ಪಕಾಲದ ಅರಸರು.

ಇದೇ ಸುಮಾರಿಗೆ, ಕ್ರಿ. ಪೂ. 2200ರ ಆಸುಪಾಸಿನಲ್ಲಿ, ಅನಾವೃಷ್ಟಿಯಿಂದ ನೈಲ್ ನದಿಯ ನೆರೆಯೂ ಕುಗ್ಗಿತೆಂದು ಭೂವಿಜ್ಞಾನಿಗಳು ಕೆಸರಿನ ಪದರಗಳಿಂದ ಊಹಿಸಿದ್ದಾರೆ. ನೆರೆಯಿಲ್ಲದಿದ್ದರೆ ಬೆಳೆಯಿಲ್ಲ. ಲೋಕದ ಕ್ರಮವನ್ನು ಕಾಯುವವನೇ ಅರಸನೆಂದು ನಂಬಿದ್ದ ಜನ, ಹಸಿದಾಗ ಯಾರ ಮುಖವನ್ನು ನೋಡಬೇಕು? ಯಾರ ಕಣಜದಲ್ಲಿ ಕಾಳಿದೆಯೋ ಅವನ ಮುಖವನ್ನಲ್ಲವೆ! ಥೀಬ್ಸಿನ ದಕ್ಷಿಣಕ್ಕಿರುವ ಮೊಅಲ್ಲಾದಲ್ಲಿ ಅಂಖ್ತಿಫಿ ಎಂಬ ಪ್ರಾಂತಾಧಿಪತಿಯ ಗೋರಿಯಿದೆ. ಹಸಿದವರಿಗೆ ಅನ್ನವನ್ನೂ ಬೆತ್ತಲೆಯಿದ್ದವರಿಗೆ ಬಟ್ಟೆಯನ್ನೂ ಕೊಟ್ಟೆನೆಂದು ಅವನು ಅಲ್ಲಿ ಬರೆಯಿಸಿಕೊಂಡಿದ್ದಾನೆ. ಆತ್ಮಸ್ತುತಿಯ ಪಾಲನ್ನು ಕಳೆದರೂ ಒಂದು ಮಾತು ಉಳಿಯುತ್ತದೆ: ಆ ಗೋರಿಯಲ್ಲಿ ಅರಸನ ಹೆಸರು ಕಾಣಿಸುವುದೇ ಅಪರೂಪ.

ಹೆರಾಕ್ಲಿಯೋಪೊಲಿಸ್ ಮತ್ತು ಥೀಬ್ಸ್ ನಗರಗಳ ಅರಸರು ಬಹುಕಾಲ ಹೋರಾಡಿದ ಮೇಲೆ, ಕ್ರಿ. ಪೂ. 21ನೆಯ ಶತಮಾನದಲ್ಲಿ ಥೀಬ್ಸಿನ ಎರಡನೆಯ ಮೆಂಟುಹೋಟೆಪ್ ದೇಶವನ್ನು ಮತ್ತೆ ಒಂದುಗೂಡಿಸಿದನು. ನಡುವಣ ಕಾಲವನ್ನು ಹಿಂದಿನ ಇತಿಹಾಸಕಾರರು ಅಂಧಯುಗವೆಂದು ಕರೆದರು. ಆದರೆ ಪ್ರಾಂತಗಳಲ್ಲಿ ಅಗೆದು ನೋಡಿದಾಗ, ಸಾಮಾನ್ಯರ ಗೋರಿಗಳಲ್ಲಿ ಮೊದಲಿಗಿಂತ ಹೆಚ್ಚಿನ ಮಣಿ, ತಾಯಿತ, ಪಾತ್ರೆಗಳು ದೊರೆತಿವೆ. ರಾಜಧಾನಿಯ ದೀಪ ಮಂಕಾದಾಗ ದೇಶವೆಲ್ಲ ಕತ್ತಲಾಯಿತೆಂದು ನಾವು ತೀರ್ಮಾನಿಸುವ ಮೊದಲು, ಹಳ್ಳಿಯ ಹಣತೆಗಳನ್ನೂ ಎಣಿಸಬೇಕು.