ಸ್ಕೂಟರ್ ಏರು ಹತ್ತದಿದ್ದರೆ ತಪ್ಪು ಇಂಜಿನ್ನಿನದೇ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಗೇರಿಲ್ಲದ ಸ್ಕೂಟರಿಗೆ ಒಂದು ಕಾಯಿಲೆ ಬಂತು. ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಬಟ್ಟೆಯ ಗಂಟು ಕಟ್ಟಿಕೊಂಡು ತೇರಹಳ್ಳಿ ಬೆಟ್ಟದ ಏರಿಗೆ ಹೋದರೆ ಮಾತ್ರ ಇಂಜಿನ್ 'ಗುಡುಗುಡು' ಎಂದು ಭಾರವಾಗಿ ಸದ್ದು ಮಾಡುತ್ತಾ ಸೈಕಲ್ಲಿನ ವೇಗಕ್ಕೆ ಇಳಿಯುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಸುತ್ತು ಏರುತ್ತಿರಲಿಲ್ಲ. ಅಬ್ಬಾ ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಲುಂಗಿ, ಬೆಡ್‌ಶೀಟ್ ಮಾರುತ್ತಾರೆ. ಅರ್ಧ ಗಂಟನ್ನು ಕೆಳಗೇ ಒಂದು ಅಂಗಡಿಯಲ್ಲಿಟ್ಟು ಎರಡೆರಡು ಸಲ ಹತ್ತಬೇಕಾಯಿತು.

ಒಬ್ಬ ಮೆಕ್ಯಾನಿಕ್ ಕಾರ್ಬುರೇಟರ್ ತೊಳೆದು ಪ್ಲಗ್ ಬದಲಿಸಿದರು. ಗುಣವಾಗಲಿಲ್ಲ. ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಎಂದರು. ಅಬ್ಬಾ ಸಾಲ ಕೇಳಲು ಹೊರಟರು. ನಾನು ಸುಮ್ಮನಿದ್ದೆ. ಏಕೆ ಸುಮ್ಮನಿದ್ದೆ ಎಂಬುದನ್ನು ಹೇಳುವ ಮೊದಲು ಗೇರಿಲ್ಲದ ಸ್ಕೂಟರ್ ಹೇಗೆ ಗೇರು ಬದಲಿಸುತ್ತದೆ ಎಂದು ತಿಳಿಯೋಣ.

ನಮ್ಮ ಜಿಲ್ಲೆಯ ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ 2013ರಿಂದ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ಗೇರಿಲ್ಲದ ಸ್ಕೂಟರ್ ನಮಗೆ ಹೊಸದಲ್ಲ. ಆದರೂ ಅದರ ಎಡಬದಿಯ ಮುಚ್ಚಳದೊಳಗೆ ಏನಿದೆ ಎಂದು ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಅಲ್ಲಿ ಎರಡು ಪುಲ್ಲಿಗಳು, ಅವುಗಳ ನಡುವೆ ಒಂದು ರಬ್ಬರ್ ಬೆಲ್ಟ್ ಇದೆ. ಮುಂದಿನ ಪುಲ್ಲಿ ಇಂಜಿನ್ನಿನ ಕ್ರ್ಯಾಂಕಿಗೆ ಸೇರಿದೆ. ಹಿಂದಿನದು ಕ್ಲಚ್ ಮೂಲಕ ಚಕ್ರವನ್ನು ತಿರುಗಿಸುತ್ತದೆ. ನಿಧಾನವಾಗಿ ಹೋಗುವಾಗ ಬೆಲ್ಟ್ ಮುಂದೆ ಸಣ್ಣ ವೃತ್ತದಲ್ಲಿ, ಹಿಂದೆ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಇದು ಫಸ್ಟ್ ಗೇರ್ ಇದ್ದ ಹಾಗೆ. ವೇಗ ಹೆಚ್ಚಿದಂತೆ ಮುಂದಿನ ವೃತ್ತ ದೊಡ್ಡದಾಗಿ ಹಿಂದಿನದು ಸಣ್ಣದಾಗುತ್ತದೆ. ಅದು ಟಾಪ್ ಗೇರ್.

ಈ ಬದಲಾವಣೆಯನ್ನು ಮಾಡುವುದು ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು. ನಮ್ಮ ಸ್ಕೂಟರಿನಲ್ಲಿ ಆರು ರೋಲರ್‌ಗಳಿವೆ. ಪುಲ್ಲಿ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಸರಿದು ಪುಲ್ಲಿಯ ಒಂದು ತಟ್ಟೆಯನ್ನು ತಳ್ಳುತ್ತವೆ. ಬೆಲ್ಟ್ ಮೇಲೇರುತ್ತದೆ. ಹಿಂದಿನ ಪುಲ್ಲಿಯ ಸ್ಪ್ರಿಂಗ್ ಇದಕ್ಕೆ ಎದುರಾಗಿ ಒತ್ತುತ್ತದೆ. ಈ ಎರಡರ ಜಗ್ಗಾಟದಲ್ಲಿ ಗೇರು ತಾನಾಗಿ ನಿರ್ಧಾರವಾಗುತ್ತದೆ. 1958ರಲ್ಲಿ ನೆದರ್ಲ್ಯಾಂಡ್ಸ್‌ನ ಡಿಎಎಫ್ ಕಂಪನಿ ತನ್ನ ಸಣ್ಣ ಕಾರಿಗೆ ಇಂಥದೇ ಬೆಲ್ಟ್ ವ್ಯವಸ್ಥೆ ಹಾಕಿತ್ತು. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಅದನ್ನು ನಮ್ಮ ದೇಶದ ರಸ್ತೆಗಳಿಗೆ ತಂದಿತು. ಶೀತ ದೇಶಗಳಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲೂ ಇದೇ ತತ್ತ್ವವಿದೆ. ಅವನ್ನು ಮಾರ್ಪಡಿಸುವವರೂ ಸುತ್ತು ಕಡಿಮೆಯಾದರೆ ಮೊದಲು ಈ ತೂಕಗಳನ್ನೂ ಸ್ಪ್ರಿಂಗನ್ನೂ ನೋಡುತ್ತಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಭಾರದ ರೋಲರ್ ಹಾಕಿದರೆ ಇಂಜಿನ್ ಕಡಿಮೆ ಸುತ್ತಿನಲ್ಲಿ ಓಡುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ಗೆಳೆಯನೊಬ್ಬ ಹೇಳಿದ್ದ. ಅಬ್ಬಾಗೆ ಖರ್ಚು ಕಡಿಮೆಯಾಗಲಿ ಎಂದು, ಮಾಮು ಊರಲ್ಲಿಲ್ಲದ ದಿನ ಅವರ ಗ್ಯಾರೇಜಿನಲ್ಲೇ ಮುಚ್ಚಳ ಬಿಚ್ಚಿ 15 ಗ್ರಾಮಿನ ರೋಲರ್ ತೆಗೆದು 18 ಗ್ರಾಮಿನದು ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ.

ಇದರಿಂದ ಏನಾಗುತ್ತದೆ ಎಂಬುದು ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ವೃತ್ತದಲ್ಲಿ ಸುತ್ತುವ ವಸ್ತುವಿನ ಬಲ ದ್ರವ್ಯರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ, ಈ ಮೂರರ ಗುಣಲಬ್ಧ. ಸ್ಪ್ರಿಂಗ್ ಬದಲಾಗಿಲ್ಲವಾದ್ದರಿಂದ ಅದನ್ನು ಸೋಲಿಸಲು ಬೇಕಾದ ಬಲ ಹೆಚ್ಚುಕಡಿಮೆ ಮೊದಲಿನಷ್ಟೇ. ದ್ರವ್ಯರಾಶಿ ಹೆಚ್ಚಾದರೆ ಅಷ್ಟೇ ಬಲ ಕಡಿಮೆ ವೇಗದಲ್ಲೇ ಸಿಗುತ್ತದೆ. 15ನ್ನು 18ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.91. ಅಂದರೆ ನಿಮಿಷಕ್ಕೆ 6,000 ಸುತ್ತಿನಲ್ಲಿ ಬದಲಾಗಬೇಕಿದ್ದ ಗೇರು ಸುಮಾರು 5,500 ಸುತ್ತಿನಲ್ಲೇ ಬದಲಾಗಿಬಿಡುತ್ತದೆ. ಶಕ್ತಿ ಎಂದರೆ ಟಾರ್ಕ್ ಗುಣಿಸು ಕೋನೀಯ ವೇಗ. ಟಾರ್ಕ್ ಹೆಚ್ಚು ಬದಲಾಗದಿದ್ದರೆ ಸುತ್ತು ಇಳಿದಷ್ಟೇ ಶಕ್ತಿಯೂ ಇಳಿಯುತ್ತದೆ. ಸಮತಟ್ಟಿನಲ್ಲಿ ಇದು ಗೊತ್ತಾಗುವುದಿಲ್ಲ. ಏರಿನಲ್ಲಿ, ಗಂಟಿನ ಭಾರದಲ್ಲಿ ಗೊತ್ತಾಗುತ್ತದೆ. ಟಾಪ್ ಗೇರಿನಲ್ಲಿ ಬೈಕನ್ನು ದಿಬ್ಬ ಹತ್ತಿಸಿದ ಹಾಗೆ.

ಸಾಲದ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫಜರ್ ನಮಾಜಿನ ನಂತರ ಅಬ್ಬಾಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಮಾತೂ ಆಡಲಿಲ್ಲ. ಸ್ಕೂಟರಿನ ಕೀಲಿ ನನ್ನ ಕೈಗಿಟ್ಟು, ಮಾಮುವಿಗೂ ಇದನ್ನೇ ಹೇಳು ಎಂದರು.

ಮಾಮು ನನ್ನ ಮಾತನ್ನೂ ಪೂರ್ತಿ ನಂಬಲಿಲ್ಲ. ರೋಲರ್ ಬದಲಿಸಿದ್ದು ನಿಜವಿರಬಹುದು, ಕಾಯಿಲೆಗೆ ಅದೇ ಕಾರಣ ಎನ್ನಲು ಪರೀಕ್ಷೆ ಬೇಕು ಎಂದರು. ಅವರು ನೋಡಿದ ಕ್ರಮ ಎಲ್ಲರಿಗೂ ಉಪಯೋಗವಾಗುವಂಥದ್ದು.

ಮೊದಲು ಸದ್ದು ಮತ್ತು ವೇಗ ಹೋಲಿಸಬೇಕು. ಇಂಜಿನ್ ಜೋರಾಗಿ ಕೂಗುತ್ತಿದ್ದು ಗಾಡಿ ಮುಂದೆ ಹೋಗದಿದ್ದರೆ ಬೆಲ್ಟ್ ಅಥವಾ ಕ್ಲಚ್ ಜಾರುತ್ತಿದೆ. ಸುತ್ತೂ ಕಡಿಮೆ, ವೇಗವೂ ಕಡಿಮೆ ಇದ್ದರೆ ಒಂದೋ ಇಂಜಿನ್ ಸೊರಗಿದೆ, ಇಲ್ಲವೇ ಗೇರು ಬೇಗ ಏರುತ್ತಿದೆ.

ಎರಡನೆಯದು ಇಂಜಿನ್ನಿನ ಆರೋಗ್ಯ. ಬೆಳಿಗ್ಗೆ ಸುಲಭವಾಗಿ ಸ್ಟಾರ್ಟ್ ಆಗುತ್ತದೆಯೇ? ನಿಂತಾಗ ಒಂದೇ ಸಮನೆ ಓಡುತ್ತದೆಯೇ, ಕೆಮ್ಮುತ್ತದೆಯೇ? ಪ್ಲಗ್ ಮಸಿ ಹಿಡಿದಿದೆಯೇ? ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ? ಆಕ್ಸಿಲರೇಟರ್ ಕೇಬಲ್ ಪೂರ್ತಿ ಎಳೆಯುತ್ತಿದೆಯೇ? ನಮ್ಮ ಗಾಡಿಯಲ್ಲಿ ಎಲ್ಲವೂ ಸರಿಯಿತ್ತು. ಕಂಪ್ರೆಷನ್ ಕೂಡ ಚೆನ್ನಾಗಿತ್ತು. ಬೋರ್ ಮಾಡಿಸುವ ಅಗತ್ಯವೇ ಇರಲಿಲ್ಲ.

ಮೂರನೆಯದು ಅಳತೆ. ಪ್ಲಗ್ ವೈರಿಗೆ ಹಿಡಿಸುವ ಆರ್‌ಪಿಎಂ ಮೀಟರನ್ನು ಹ್ಯಾಂಡಲ್ಲಿಗೆ ಟೇಪಿನಿಂದ ಸುತ್ತಿ ಮಾಮು ಏರು ಹತ್ತಿಸಿದರು. ನನಗಿನ್ನೂ ಲೈಸೆನ್ಸ್ ಇಲ್ಲ, ಹಿಂದೆ ಕುಳಿತು ಮೀಟರ್ ಓದಿದೆ. 5,300. ಗ್ಯಾರೇಜಿಗೆ ಬಂದು ನಾನು ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೆಯ ರೋಲರ್‌ಗಳನ್ನೇ ಹಾಕಿದೆವು. ಬೇರೇನನ್ನೂ ಮುಟ್ಟಲಿಲ್ಲ. ಅದೇ ಏರು, ಅದೇ ಇಬ್ಬರು: 5,900. ಲೆಕ್ಕಕ್ಕೂ ಮೀಟರಿಗೂ ಸ್ವಲ್ಪ ವ್ಯತ್ಯಾಸವಿತ್ತು. ಘರ್ಷಣೆಯನ್ನು ನನ್ನ ಲೆಕ್ಕ ಹಿಡಿದಿರಲಿಲ್ಲವಲ್ಲ.

ರೋಲರ್ ಸರಿಯಿದ್ದೂ ಹೀಗಾದರೆ ಹಿಂದಿನ ಸ್ಪ್ರಿಂಗ್ ಸಡಿಲವಾಗಿರಬಹುದು. ಅದು ಸೋತರೂ ಗೇರು ಬೇಗ ಏರುತ್ತದೆ. ರೋಲರ್‌ಗಳು ಒಂದು ಕಡೆ ಚಪ್ಪಟೆಯಾಗಿ ಸವೆದು ಸಿಕ್ಕಿಕೊಳ್ಳುವುದೂ ಉಂಟು.

ಗಾಡಿಯ ಕಾಯಿಲೆ ಹುಡುಕುವಾಗ ಮಾಮು ಈಗ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಒಂದೇ: 'ಚೆನ್ನಾಗಿದ್ದ ದಿನದಿಂದ ಇವತ್ತಿನವರೆಗೆ ಇದರಲ್ಲಿ ಏನು ಬದಲಿಸಿದ್ದೀರಿ?' ಆ ಮೆಕ್ಯಾನಿಕ್ ಅಬ್ಬಾರನ್ನು ಇದನ್ನೇ ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ. ಉತ್ತರ ನನ್ನ ಹತ್ತಿರ ಇತ್ತು. ನೀವೂ ಗಾಡಿಗೆ ಕೈ ಹಾಕುವುದಿದ್ದರೆ ಮೊದಲು ಮನೆಯವರನ್ನು ಕೇಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಖು ಬರೆದಿಡಿ, ಹಳೆಯ ಭಾಗವನ್ನು ಎಸೆಯಬೇಡಿ.

ಮರುದಿನ ಅಬ್ಬಾ ಪೂರ್ತಿ ಗಂಟು ಕಟ್ಟಿಕೊಂಡು ಒಂದೇ ಸಲಕ್ಕೆ ಬೆಟ್ಟ ಹತ್ತಿದರು. ಆ 18 ಗ್ರಾಮಿನ ರೋಲರ್‌ಗಳು ಈಗ ನನ್ನ ಓದುವ ಮೇಜಿನ ಮೇಲೆ, ಅದೇ ಡಬ್ಬಿಯಲ್ಲಿವೆ.